ಕಸದ ಚೀಲ ಮತ್ತು ಹಂಗೇರಿಯ ಹಳ್ಳಿ

ನಾನು ಪುಕ್ಕಲಿ. ಭೂಕಂಪಕ್ಕೂ ಹಲ್ಲಿಗೂ ಅಷ್ಟಾಗಿ ಹೆದರುವವಳಲ್ಲ, ಜಪಾನಿನ ಫುನಾಬೊರಿಯ ನಮ್ಮ ಅಪಾರ್ಟ್‌ಮೆಂಟಿನ ಕಸದ ಜಾಗಕ್ಕೆ ಹೆದರುತ್ತೇನೆ. ಎಂಟು ವರ್ಷದಿಂದ ಇಲ್ಲಿದ್ದೇನೆ. ಹೊಸದಾಗಿ ಬಂದ ಕನ್ನಡದ ಹೆಣ್ಣುಮಕ್ಕಳಿಗೆ ಯಾವ ವಾರ ಯಾವ ಕಸ ಎಂದು ಪಾಠ ಹೇಳುವವಳೂ ನಾನೇ. ಅಂಥವಳು ಕಳೆದ ತಿಂಗಳು ಅವಸರದಲ್ಲಿ ತೆಂಗಿನ ಚಿಪ್ಪಿನ ಜೊತೆಗೇ ಎಣ್ಣೆಯ ತಗಡಿನ ಡಬ್ಬವನ್ನೂ ತುರುಕಿ ಚೀಲ ಇಟ್ಟುಬಂದೆ. ಕಸದ ಗಾಡಿಯವರು ಅದಕ್ಕೆ ‘ಬೆರಕೆ ಕಸ, ಒಯ್ಯುವುದಿಲ್ಲ’ ಎಂಬ ಕೆಂಪು ಚೀಟಿ ಅಂಟಿಸಿ, ಎಲ್ಲರಿಗೂ ಕಾಣುವಂತೆ ಅಲ್ಲೇ ಬಿಟ್ಟು ಹೋದರು. ಚಿಪ್ಪು ಕಂಡಮೇಲೆ ಇನ್ನೇನು, ಇಂಡಿಯಾದವರದೇ. ಕಟ್ಟಡದಲ್ಲಿ ಇಂಡಿಯಾದವರು ಎರಡೇ ಮನೆ: ನಾವು, ಮತ್ತು ಮೈಸೂರಿನಿಂದ ಬಂದು ಎರಡು ತಿಂಗಳಾದ ವಿದ್ಯಾ. ಆ ದಿನ ಅವಳೂ ಚಿಪ್ಪು ಎಸೆದಿದ್ದಳಂತೆ, ಯಾವುದರ ಜೊತೆ ಎಂದು ನೆನಪಿಲ್ಲವಂತೆ. ತನ್ನದೇ ತಪ್ಪೆಂದುಕೊಂಡು ಕಂಡವರಿಗೆಲ್ಲ ಬಗ್ಗಿ ಬಗ್ಗಿ ‘ಸುಮಿಮಾಸೆನ್’, ಕ್ಷಮಿಸಿ, ಎನ್ನುತ್ತಾ ಓಡಾಡಿದಳು. ನಾನು ತುಟಿಪಿಟಕ್ಕೆನ್ನಲಿಲ್ಲ.

“ಅಮ್ಮಾ, ವೈ ಆರ್ ಯೂ ಸೋ ಸ್ಕೇರ್ಡ್? ಜಸ್ಟ್ ಸಾರಿ ಅನ್ನು,” ಎಂದಳು ಮಗಳು. ಹತ್ತು ವರ್ಷದವಳಿಗೆ ಏನು ಗೊತ್ತು?

ಅದೇ ವಾರ ನಿವಾಸಿಗಳ ಸಂಘದ ಹಿರಿಯೆ ಸಾತೋ ಸಾನ್, ಮಿನಾಟೋ ಬಡಾವಣೆಯ ಥಿಯೇಟರಿನಲ್ಲಿ ಹಳೆಯ ಹಂಗೇರಿಯನ್ ಸಿನಿಮಾ ಇದೆ ಬನ್ನಿ ಎಂದರು. ನನ್ನೊಬ್ಬಳನ್ನೇ ಏಕೆ ಕರೆದರು? ಹೋಗದಿದ್ದರೆ ಇನ್ನೂ ಅನುಮಾನ ಎಂದು ಹೋದೆ. ಕಪ್ಪುಬಿಳುಪಿನ ಒಂದು ಹಳ್ಳಿ. ಹುಲ್ಲಿನ ಬಣವೆಗೆ ಯಾರೋ ಬೆಂಕಿಯಿಟ್ಟಿದ್ದಾರೆ, ಊರವರೆಲ್ಲ ಹೊಸದಾಗಿ ಬಂದ ಕುರಿಗಾಹಿಯತ್ತ ಬೆರಳು ತೋರುತ್ತಿದ್ದಾರೆ. ನಿಜವಾಗಿ ಬೆಂಕಿಯಿಟ್ಟವನು ಟೋಪಿ ಕೈಯಲ್ಲಿ ಹಿಡಿದು ಗುಂಪಿನೊಳಗೇ ನಿಂತಿದ್ದಾನೆ. ಕೆಳಗಿನ ಜಪಾನಿ ಅಕ್ಷರಗಳು ನನಗೆ ಅರ್ಧ ಅರ್ಥವಾದವು, ಆ ಮುಖ ಪೂರ್ತಿ ಅರ್ಥವಾಯಿತು. ಕುರಿಗಾಹಿ ಗಂಟುಮೂಟೆ ಹೊತ್ತು ಊರು ಬಿಟ್ಟಾಗ ನನ್ನ ಕಣ್ಣಿಗೆ ಕಂಡದ್ದು ಎರಡು ತಿಂಗಳ ಹಿಂದೆ ವಿದ್ಯಾ ಎಳೆದುಕೊಂಡು ಬಂದಿದ್ದ ನೀಲಿ ಸೂಟ್‌ಕೇಸ್.

ಹೊರಗೆ ಬರುತ್ತಲೇ ತೊದಲಿದೆ. “ಸಾತೋ ಸಾನ್, ಆ ಚೀಲ... ನಂದು.”

“ಗೊತ್ತು,” ಎಂದರು ಅವರು, ಕೊಡೆ ಸರಿಮಾಡಿಕೊಳ್ಳುತ್ತಾ. “ಒಳಗೆ ನಿಮ್ಮ ಹೆಸರಿನ ಪಾರ್ಸಲ್ ಚೀಟಿ ಇತ್ತಲ್ಲ. ನಾಲ್ಕೂ ಮಹಡಿಯವರಿಗೆ ಗೊತ್ತು. ನೀವೇ ಹೇಳ್ತೀರಿ ಅಂತ ಕಾಯ್ತಿದ್ವಿ.”

“ಮತ್ತೆ ಈ ಸಿನಿಮಾ?”

“ಟಿಕೆಟ್ ಒಂದು ಹೆಚ್ಚಿಗೆ ಇತ್ತು.”

ಅಲ್ಲಿಗೆ ಕಟ್ಟಡದಲ್ಲಿ ವಿಷಯ ಗೊತ್ತಿಲ್ಲದೆ ಉಳಿದವಳು ವಿದ್ಯಾ ಒಬ್ಬಳೇ. ಅವಳಿಗೆ ನಾನೇ ಹೇಳಬೇಕು, ನಾಳೆ ಹೇಳುತ್ತೇನೆ ಎಂದುಕೊಂಡು ಮೂರು ವಾರವಾಯಿತು. ಇವತ್ತು ಬೆಳಿಗ್ಗೆಯೂ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದಳು. “ಆಂಟಿ, ಒಂದ್ಸಲ ಚೆಕ್ ಮಾಡ್ತೀರಾ? ನಂಗ್ಯಾಕೋ ತುಂಬಾ ಭಯ.”

ಚೀಲ ಬಿಚ್ಚಿ, ತಳದವರೆಗೂ ಕೈಯಾಡಿಸಿ ನೋಡಿದೆ. ಎಲ್ಲವೂ ಸರಿಯಾಗಿತ್ತು.

“ಹೆದರ್ಬೇಡಮ್ಮ,” ಎಂದೆ, “ನಾನಿದೀನಲ್ಲ.”