ಅಖಂಡ ಫೈಲಿನ ಆರೋಹಣ

ಭಾರ ಎತ್ತುವ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ವಂಶದಲ್ಲಿ ಹುಟ್ಟಿಲ್ಲ; ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ. ಹರೆಯದಲ್ಲಿ ನಾನೊಬ್ಬನೇ ಬೀರು ಹೊತ್ತು ಮೂರನೇ ಮಹಡಿಗೆ ಏರಿಸಿದ್ದೇನೆ. ಬೀರುವಿನೊಳಗೆ ಬಟ್ಟೆಯೂ ಇತ್ತು, ಬಟ್ಟೆ ಹುಡುಕುತ್ತಿದ್ದ ನಮ್ಮಣ್ಣನೂ ಇದ್ದ! ಇಂಥ ನನಗೆ ಯಃಕಶ್ಚಿತ್ ಒಂದು ಫೈಲನ್ನು, ಅದೂ ಕುಳಿತಲ್ಲೇ, ಬೆರಳ ತುದಿಯಿಂದ ಮೇಲೇರಿಸುವುದು ಯಾವ ಮಹಾ ಕೆಲಸ?

"ನೀನು ಹಾಯಾಗಿ ಮಲಗು. ಮಧ್ಯಾಹ್ನದ ಊಟದೊಳಗೆ ನಿನ್ನ ಕಾದಂಬರಿ ಗ್ರಂಥಾಲಯ ಸೇರಿರತ್ತೆ," ಎಂದು ಹೆಂಡತಿಗೆ ಅಭಯ ಕೊಟ್ಟೆ.

"ರೀ, ಇವತ್ತೇ ಕೊನೇ ದಿನ. ಸಂಜೆ ಗ್ರಂಥಾಲಯದವರು ಬೀಗ ಹಾಕ್ತಿದ್ದ ಹಾಗೇ ಫೈಲು ಹಾಕೋ ಪುಟಾನೂ ಮುಚ್ಚಿಬಿಡ್ತಾರಂತೆ. ಆಮೇಲೆ ಬರೋ ವರ್ಷವೇ."

ವಿಷಯ ಇಷ್ಟು. ಕಣ್ಣು ಕಾಣದವರಿಗೆ ಪುಸ್ತಕಗಳನ್ನು ಓದಿ ಕೇಳಿಸುವ ಗ್ರಂಥಾಲಯವೊಂದಿದೆ. ನನ್ನ ಹೆಂಡತಿಗೆ ಅಕ್ಷರ ಕಲಿಸಿದ ಟೀಚರಮ್ಮ ಈಗ ಅದರ ಕೇಳುಗರು. "ನೀನೊಂದು ಪುಸ್ತಕ ಓದೇ, ನಾನು ಕೇಳಿ ತಪ್ಪು ತಿದ್ದಬೇಕು," ಎಂದು ಅವರು ಫೋನಿನಲ್ಲಿ ಅಂದದ್ದೇ ತಡ, ಇವಳು ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ದಿಂಬಿನಷ್ಟು ದಪ್ಪದ ಕಾದಂಬರಿಯೊಂದನ್ನು ಹಿಡಿದು ಕುಳಿತಳು. ಒಂದು ಅಧ್ಯಾಯ ಓದುವಳು, ಲೋಟ ಎತ್ತಿ ನೀರು ಕುಡಿಯುವಳು, ಮತ್ತೊಂದು ದಿನ ಮತ್ತೊಂದು ಅಧ್ಯಾಯ. ರೆಕಾರ್ಡ್ ಮಾಡುವ ಜವಾಬ್ದಾರಿ ನನ್ನದು.

ಇಲ್ಲಿಯೇ ನನ್ನ ಪ್ರತಿಭೆ ಮೂಗು ತೂರಿಸಿತು. ಅಧ್ಯಾಯಕ್ಕೊಂದರಂತೆ ಪುಟ್ಟ ಪುಟ್ಟ ಫೈಲುಗಳು ಕಂಪ್ಯೂಟರಿನ ತುಂಬ ಕಡಲೆಕಾಯಿ ಚೆಲ್ಲಿದಂತೆ ಬಿದ್ದಿದ್ದವು. ಕಲೆ ಎಂದರೆ ಹೀಗಾ? ನದಿಯಂತೆ ಅಖಂಡವಾಗಿ ಹರಿಯಬೇಡವೇ? ಎಲ್ಲವನ್ನೂ ಜೋಡಿಸಿ, ಬೆಸೆದು, ಗುಣಮಟ್ಟವನ್ನು ಎಷ್ಟು ಎತ್ತರಿಸಬಹುದೋ ಅಷ್ಟೂ ಎತ್ತರಿಸಿ, ಒಂದೇ ಒಂದು ಫೈಲು ಮಾಡಿದೆ. ಅದರ ಪಕ್ಕದಲ್ಲಿ ಕುಂಭಕರ್ಣನನ್ನು ನಿಲ್ಲಿಸಿದರೆ ತೊಟ್ಟಿಲ ಕೂಸಿನಂತೆ ಕಾಣುತ್ತಿದ್ದ! ಜಾಗ ಸಾಲದೆ ಹಳೆಯ ತುಂಡುಗಳನ್ನೆಲ್ಲ ಅಳಿಸಿಯೂ ಬಿಟ್ಟೆ. ಹೆಂಡತಿಗೆ ಹೇಳಲಿಲ್ಲ. ಅಚ್ಚರಿಯಾಗಲಿ ಎಂದು.

ಸರಿ, ಬ್ರೌಸರ್ ತೆರೆದೆ. ಗ್ರಂಥಾಲಯದ ಪುಟದಲ್ಲಿ 'ಫೈಲು ಆರಿಸಿ' ಎಂದಿತ್ತು, ಆರಿಸಿದೆ. 'ಅಪ್‌ಲೋಡ್ ಮಾಡಿ' ಎಂದಿತ್ತು, ಒತ್ತಿದೆ. ಒಂದು ಹಸಿರು ಪಟ್ಟಿ ಹುಟ್ಟಿ, ಹುಟ್ಟಿದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿತು. ಶೇಕಡಾ ಸೊನ್ನೆ. ಹೋಗಿ ಗಡ್ಡ ಬೋಳಿಸಿಕೊಂಡು ಬಂದೆ. ಆಗಲೂ ಸೊನ್ನೆ. ಬೋಳಿಸಿದ ಗಡ್ಡ ಮತ್ತೆ ಚಿಗುರುವ ಹೊತ್ತಿಗೆ ಶೇಕಡಾ ಒಂದಾಯಿತು!

ನೆಟ್ಟು ಎಲ್ಲೋ ಸೋರುತ್ತಿದೆ ಎಂಬ ಗುಮಾನಿ ಬಂತು. ಹುಡುಕಿದರೆ, ನಡುಮನೆಯಲ್ಲಿ ನಮ್ಮತ್ತೆ ಫೋನು ಹಿಡಿದು ಧಾರಾವಾಹಿ ನೋಡುತ್ತಿದ್ದಾರೆ.

"ಅತ್ತೆ, ಅದನ್ನ ಸ್ವಲ್ಪ ನಿಲ್ಲಿಸ್ತೀರಾ? ನಿಮ್ಮ ಮಗಳ ಪುಸ್ತಕ ಹೋಗ್ತಾ ಇದೆ."

"ಅದು ಇಲ್ಲಿಂದ ಹೋಗೋದು, ಇದು ಅಲ್ಲಿಂದ ಬರೋದು. ಎದುರುಬದುರು ಹಾಯೋಕೂ ಜಾಗ ಇಲ್ದಷ್ಟು ಇಕ್ಕಟ್ಟಾ ಅಳಿಯಂದ್ರೇ ನಿಮ್ಮ ದಾರಿ?"

ಪ್ರಶ್ನೆಯಲ್ಲಿ ತಾಂತ್ರಿಕ ಆಳವಿತ್ತು. ಆದ್ದರಿಂದ ದನಿ ಏರಿಸಿದೆ. ಅತ್ತೆ ಫೋನನ್ನು ಮಡಿಲಲ್ಲಿ ಮಲಗಿಸಿ, ನಾಯಕಿ ಇನ್ನೇನು ವಿಷದ ಹಾಲು ಕುಡಿಯಬೇಕು, ಅಷ್ಟರಲ್ಲಿ ತಡೆದ ಪಾಪ ಯಾರಿಗೆ ತಟ್ಟಬೇಕೋ ಅವರಿಗೆ ತಟ್ಟಲಿ ಎಂದು ಗೋಡೆಗೆ ಹೇಳಿದರು.

ಮನೆಯಲ್ಲಿ ತುರ್ತುಪರಿಸ್ಥಿತಿ ಜಾರಿಯಾಯಿತು. ಹೆಂಡತಿಯ ಫೋನು ಜಪ್ತಿ! ರೌಟರಿನ ಮುಂದೆ ಓಡಾಟ ನಿಷಿದ್ಧ! ಸಿಗ್ನಲ್ಲು ಹಾರಿಹೋದೀತೆಂದು ಫ್ಯಾನೂ ಬಂದ್! ಮೂವರೂ ಬೆವರುತ್ತ ಕೂತೆವು. ಪಟ್ಟಿ ಅರ್ಧಕ್ಕೆ ಬಂದು, ಅಲ್ಲೇ ಕಲ್ಲಾಯಿತು.

ಹಟಮಾರಿ ಎತ್ತು ನಿಂತುಬಿಟ್ಟರೆ ಏನು ಮಾಡುತ್ತಾರೆ? ಬಾಲ ತಿರುಚುತ್ತಾರೆ. ನಾನೂ ತಿರುಚಿದೆ. ಅಂದರೆ, ರಿಫ್ರೆಶ್ ಒತ್ತಿದೆ. ಎತ್ತು, ಗಾಡಿ, ದಾರಿ ಎಲ್ಲವೂ ಮಾಯ! ಶೇಕಡಾ ಸೊನ್ನೆ.

"ಎಲ್ಲಿಗೆ ಬಂತು ರೀ?" ಹೆಂಡತಿ ಇಣುಕಿದಳು.

"ಚೆನ್ನಾಗಿ ಹೋಗ್ತಿದೆ. ಈಗಂತೂ ಹೊಚ್ಚ ಹೊಸದಾಗಿ ಹೋಗ್ತಿದೆ."

ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡನೇ ಯಾತ್ರೆ ಕಾದೆ. ಊಟ ತಪ್ಪಿತು. ಬಿಸಿಲು ಕಿಟಕಿಯಿಂದ ಜಾರಿ ಬಾಗಿಲಿಗೆ ಬಂತು. ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು! ನಾನು ಕುರ್ಚಿಯ ಮೇಲೆ ಎದ್ದು ನಿಂತೆ. ಆಗ ಪರದೆಯ ಮೇಲೆ ಕೆಂಪಕ್ಷರ ಮೂಡಿತು: 'ಫೈಲು ಮಿತಿಗಿಂತ ದೊಡ್ಡದಾಗಿದೆ. ಸ್ವೀಕರಿಸಲಾಗಿಲ್ಲ.'

ಕರೆದು ಕೂರಿಸಿ, ಬಡಿಸಿ, ಹೊಟ್ಟೆ ಬಿರಿಯ ಉಣ್ಣಿಸಿ, ಕೈ ತೊಳೆದ ಮೇಲೆ "ನಿಮ್ಮನ್ನ ಯಾರ್ರೀ ಕರೆದದ್ದು?" ಎಂದ ಹಾಗೆ! ಮೊದಲೇ ಹೇಳಬಾರದಿತ್ತೇ? ಉರಿದುಕೊಂಡು ಗ್ರಂಥಾಲಯಕ್ಕೆ ಫೋನು ಮಾಡಿದೆ. ಅಲ್ಲಿನ ಮೇಲ್ವಿಚಾರಕಿ ಎತ್ತಿಕೊಂಡಳು.

"ಏನಮ್ಮಾ, ನಿಮ್ಮ ಬಾಗಿಲು ಅಷ್ಟು ಸಣ್ಣದಾ?"

"ಒಂದೊಂದು ಅಧ್ಯಾಯಾನೂ ಬೇರೆ ಬೇರೆ ಹಾಕಿ ಅಂತ ಪುಟದ ತಲೆ ಮೇಲೇ ದಪ್ಪಕ್ಷರದಲ್ಲಿ ಬರ್ದಿದೀವಲ್ಲ ಸಾರ್?"

"ದಪ್ಪಕ್ಷರ ಇರೋದು ದಡ್ಡರಿಗೆ ಅಂತ ನಾನು ಓದಲಿಲ್ಲಮ್ಮ."

"ಅವರಿಗೇ ಸಾರ್ ಬರ್ದಿದ್ದು. ನಾನು ಬೀಗ ಹಾಕೋವರೆಗೂ ಪುಟ ತೆಗೆದಿರತ್ತೆ, ಬೇಗ ಕಳಿಸಿ."

ತಿರುಗಿ ನೋಡಿದರೆ ಬೆನ್ನ ಹಿಂದೆ ಹೆಂಡತಿ.

"ನಾನು ಬೇರೆ ಬೇರೆಯಾಗೇ ಓದಿದ್ನಲ್ಲ ರೀ? ಅವನ್ನೇ ಹಾಕಿ."

"ಅವು ಈಗ... ಒಂದಾಗಿವೆ."

"ಒಂದಾಗೋಕೆ ಅವೇನು ಜಗಳ ಆಡ್ಕೊಂಡಿದ್ದ ಅಣ್ಣತಮ್ಮಂದಿರಾ? ಮೊದಲಿನವು ಎಲ್ಲಿ?"

"ಅಳಿಸಿಬಿಟ್ಟೆ."

ಅವಳು ಬೈಯುತ್ತಾಳೆಂದು ಕಿವಿ ಸಿದ್ಧ ಮಾಡಿಕೊಂಡೆ. ಬೈಯಲಿಲ್ಲ. ಮಂಚದ ತುದಿಯಲ್ಲಿ ಕುಳಿತು, "ನಿನ್ನೆನೂ ಟೀಚರಮ್ಮ ಕೇಳಿದ್ರು. ಬರೋ ವರ್ಷ ಅಂತ ಅವರಿಗೆ ಹೇಗ್ರೀ ಹೇಳಲಿ, ಆ ವಯಸ್ಸಿಗೆ?" ಎಂದಳು. ಬೈದಿದ್ದರೇ ವಾಸಿಯಿತ್ತು.

ಕತ್ತರಿಸಬಹುದು, ಆದರೆ ಎಲ್ಲಿ? ಅಧ್ಯಾಯ ಎಲ್ಲಿ ಮುಗಿಯಿತೆಂದು ಕೇಳುತ್ತ ಕೂತರೆ ಹಲ್ಲುದುರುವ ಕಾಲ ಬರುತ್ತದೆ. ನನಗೆ ಅದೂ ಬಂದು ಹೋಗಿದೆ. ಪರದೆಯ ಮೇಲೆ ಅವಳ ದನಿ ಅಲೆಅಲೆಯಾಗಿ ಹಬ್ಬಿತ್ತು. ಅವಳು ತಟ್ಟನೆ ಬೆರಳಿಟ್ಟಳು.

"ಇದೇನು ಮುಳ್ಳಿನ ಹಾಗೆ?"

ಕೇಳಿಸಿದೆ. ಟಣ್! ಅವಳು ನೀರು ಕುಡಿದು ಲೋಟ ಇಟ್ಟ ಸದ್ದು! ಜೋಡಿಸುವಾಗ ಅದನ್ನು ಒರೆಸಿಹಾಕಲು ನಾನು ಪಟ್ಟ ಪಾಡಿಗೆ ಲೆಕ್ಕವಿಲ್ಲ. ಒಂದೂ ಹೋಗಿರಲಿಲ್ಲ. ಅಧ್ಯಾಯ ಮುಗಿದಲ್ಲೆಲ್ಲ ಒಂದೊಂದು ಮುಳ್ಳು ಗಡಿಕಲ್ಲಿನಂತೆ ನೆಟ್ಟಗೆ ನಿಂತಿತ್ತು!

"ನೋಡ್ತಾ ಏನು ಕೂತಿದೀರಿ? ಕತ್ತರಿಸಿ!" ಅಂದಳು.

ಅವಳು ಮುಳ್ಳು ತೋರಿಸಿದಳು. ನಾನು ಕೇಳಿಸಿದೆ. ಅತ್ತೆ ಕುರ್ಚಿ ಎಳೆದುಕೊಂಡು ಬಂದು, ಟಣ್ ಎಂದೊಡನೆ "ಹೂಂ, ಕಡೀರಿ!" ಎಂದು ಅಪ್ಪಣೆ ಕೊಡತೊಡಗಿದರು. ನಾನು ಎತ್ತರಿಸಿದ್ದ ಗುಣಮಟ್ಟವನ್ನು ಇಳಿಸಿದೊಡನೆ ತುಂಡುಗಳು ಗೂಡಿನಿಂದ ಎದ್ದ ಹಕ್ಕಿಗಳಂತೆ ಪುರ್ರೆಂದು ಹಾರಿದವು. ಫ್ಯಾನು ತಿರುಗಿತು, ನಗು ತಿರುಗಿ ಬಂತು.

"ತಡೀರಿ ಅಳಿಯಂದ್ರೇ, ಆ ಹುಡುಗಿ ಮನೆ ಬಿಟ್ಟು ಹೊರಟಳಲ್ಲ, ಮುಂದೇನಾಯ್ತು?"

"ಅಮ್ಮಾ, ಆಮೇಲೆ ನಾನೇ ಓದಿ ಹೇಳ್ತೀನಿ ಸುಮ್ನಿರೇ!"

ಕೊನೆಯ ತುಂಡು ಹೋದದ್ದೂ ಫೋನು ಬಂದದ್ದೂ ಒಟ್ಟಿಗೇ. "ಬೀಗ ಕೈಲಿ ಹಿಡ್ಕೊಂಡು ನಿಂತಿದ್ದೆ ಸಾರ್. ಎಲ್ಲಾ ಬಂತು," ಎಂದಳು ಮೇಲ್ವಿಚಾರಕಿ. ಹೆಂಡತಿ ತನ್ನ ಫೋನು ಕಿತ್ತುಕೊಂಡು ಟೀಚರಮ್ಮನಿಗೆ ಹೇಳಿದಳು. ಆ ಕಡೆಯಿಂದ ಬಂದ ನಗು ನಡುಮನೆಯವರೆಗೂ ಕೇಳಿಸಿತು.

ಮೇಲ್ವಿಚಾರಕಿ ಇನ್ನೂ ನನ್ನ ಕಿವಿಯಲ್ಲೇ ಇದ್ದಳು. "ರೆಕಾರ್ಡ್ ಮಾಡಿದವರ ಎರಡು ಮಾತಿಗೆ ಅಂತ ಒಂದು ಜಾಗ ಇದೆ ಸಾರ್. ಬೇಕಿದ್ರೆ ಕಳಿಸಿ, ಕಾಯ್ತೀನಿ."

ಬೇಕಿದ್ದರೆಯೇ! ಗಂಟಲು ಸರಿಮಾಡಿಕೊಂಡೆ. ಇಬ್ಬರು ಹೆಂಗಸರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದೆ. ಕಲೆ, ತ್ಯಾಗ, ತಂತ್ರಜ್ಞಾನ, ನಾನು ಎಂಬ ವಿಷಯಗಳ ಮೇಲೆ ಎಂಥ ಭಾಷಣ ಅದು! ಮಾತನಾಡುತ್ತ ನನ್ನ ಕಣ್ಣೇ ತೇವವಾಯಿತು. ಬಾಗಿಲು ತೆರೆದು, ಎಲ್ಲರೂ ನೋಡುವಂತೆ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಹೋಯಿತು!

"ಅಪ್‌ಲೋಡ್ ಅಂದ್ರೆ ಹೀಗಿರಬೇಕು!" ಎಂದೆ.

ಹೆಂಡತಿ ಮೇಜಿನ ಕೆಳಗೆ ಬಗ್ಗಿ, ಎಲ್ಲಿಗೂ ಸಿಕ್ಕಿಸದೆ ಬಿದ್ದಿದ್ದ ಮೈಕಿನ ತಂತಿಯ ತುದಿಯನ್ನು ಎತ್ತಿ ನೋಡಿದಳು. ಆಮೇಲೆ ಪರದೆಯ ಮೇಲೆ ಮೂಡಿದ ಸಾಲನ್ನು, ಕಾದಂಬರಿ ಓದುವ ಅದೇ ಸ್ಪಷ್ಟ ದನಿಯಲ್ಲಿ, ಅತ್ತೆಗೂ ಕೇಳುವ ಹಾಗೆ ಓದಿದಳು:

"ನಿಮ್ಮ ಫೈಲು ತಲುಪಿದೆ. ಅದರಲ್ಲಿ ಏನೂ ಇಲ್ಲ."