ವಿಭೂತಿ ಹಚ್ಚಿದ ರೂಪಾಯಿ

ಬೆಲೆ ಗೊತ್ತಿಲ್ಲದ ವಸ್ತು ಮನೆಯಲ್ಲಿ ಎಷ್ಟು ವರ್ಷ ಬೇಕಾದರೂ ಸುಖವಾಗಿರುತ್ತದೆ. ಯಾರಾದರೂ ‘ಇದಕ್ಕೆ ಭಾರಿ ಬೆಲೆ ಇದೆ’ ಎಂದರೆ ಮುಗಿಯಿತು, ಆ ವಸ್ತುವಿಗೂ ನೆಮ್ಮದಿಯಿಲ್ಲ, ಮನೆಯವರಿಗೂ ಇಲ್ಲ. ನಮ್ಮ ದೇವರ ಜಗಲಿಯ ಮೇಲೆ ತಣ್ಣಗೆ ಕೂತಿದ್ದ, ಬ್ರಿಟಿಷರ ಕಾಲದ ರಾಣಿ ಛಾಪಿನ ಬೆಳ್ಳಿ ರೂಪಾಯಿಗೆ ಆದದ್ದು ಇದೇ. ಅದು ಅವ್ವ ಬೀದರಿನ ತವರಿನಿಂದ ತಂದದ್ದು. ಅವಳ ಕೊನೆಯ ದಿನಗಳು ನಾಸಿಕ್ ರೋಡಿನ ನನ್ನ ಮನೆಯಲ್ಲೇ ಕಳೆದದ್ದರಿಂದ ರೂಪಾಯಿಯೂ ಇಲ್ಲೇ ಉಳಿಯಿತು. ಸಂಭಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಅಣ್ಣ ಆಗ ಅದರತ್ತ ತಿರುಗಿಯೂ ನೋಡಲಿಲ್ಲ. ಈ ವರ್ಷ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ. ಹಳೆಯ ನಾಣ್ಯವನ್ನು ಕಂಪನಿಗೆ ಕಳಿಸಿದರೆ ಅವರು ಪರೀಕ್ಷಿಸಿ, ಶಾಲೆಯಲ್ಲಿ ಮಕ್ಕಳಿಗೆ ಕೊಟ್ಟಂತೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಶಾಶ್ವತವಾಗಿ ಮುಚ್ಚಿ ಕಳಿಸುತ್ತಾರಂತೆ. ಅದಕ್ಕೆ ಗ್ರೇಡಿಂಗ್ ಎನ್ನುತ್ತಾರಂತೆ. ನನ್ನ ಸಕ್ಕರೆ ಕಾಯಿಲೆ ಹೇಗಿದೆ ಎಂದು ವರ್ಷಕ್ಕೊಮ್ಮೆಯೂ ಕೇಳದ ಅಣ್ಣ, ರೂಪಾಯಿಯ ಯೋಗಕ್ಷೇಮ ವಿಚಾರಿಸಲು ದಿನಾ ಫೋನ್ ಮಾಡತೊಡಗಿದ.

ನಾನೂ ಸಂನ್ಯಾಸಿಯೇನಲ್ಲ. ಬಾಯಲ್ಲಿ ‘ಅವ್ವನ ನೆನಪು, ಅದಕ್ಕೆಂಥ ಬೆಲೆ’ ಎನ್ನುತ್ತಲೇ ಕನ್ನಡಕ ಒರೆಸಿಕೊಂಡು ನಾಣ್ಯದ ಇಸವಿ ನೋಡಿದೆ. ನಮ್ಮದು ನೋಟು ಅಚ್ಚಾಗುವ ಊರು. ಓಣಿಯ ಅರ್ಧ ಜನ ಪ್ರೆಸ್ಸಿನಲ್ಲಿ ಹೊಸ ನೋಟು ನೋಡಿ ನೋಡಿ ವೈರಾಗ್ಯ ಬಂದವರು. ಅಂಥವರ ನಡುವೆ ಇದ್ದೂ ನನಗೊಂದು ಸವೆದ ರೂಪಾಯಿಯ ಆಸೆ ಹತ್ತಿತು. ಹೆಂಡತಿ ಮಾತ್ರ ಸುತರಾಂ ಒಪ್ಪಲಿಲ್ಲ. “ಡಬ್ಬಿ ಒಳಗಿನ ಲಕ್ಷ್ಮಿಗಿ ದೀಪಾವಳಿಗಿ ಹಾಲು ಹ್ಯಾಂಗ ಎರೀಲಿರಿ?” ಎಂದು ಕೇಳಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ ಹತ್ತಿರದ ಹಳೆ ನಾಣ್ಯದ ವ್ಯಾಪಾರಿಯ ಬಳಿ ಹೋದೆ.

ಆತ ಭೂತಗನ್ನಡಿ ಹಿಡಿದು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾಣ್ಯ ಅಸಲಿ, ಆದರೆ ಇದನ್ನು ಯಾರೋ ಉಜ್ಜಿ ಉಜ್ಜಿ ಹಾಳುಮಾಡಿದ್ದಾರೆ ಎಂದು ಮರಾಠಿಯಲ್ಲಿ ಹೇಳಿದ. ಯಾರೋ ಏನು, ನಮ್ಮವ್ವನೇ. ಪ್ರತಿ ದೀಪಾವಳಿಗೆ ಹುಣಸೆಹಣ್ಣಿನಲ್ಲಿ ತೊಳೆದು, ವಿಭೂತಿ ಹಚ್ಚಿ, ರಾಣಿಯ ಮೂಗು ಹಣೆಗೆ ಸಮನಾಗುವಂತೆ ತಿಕ್ಕುತ್ತಿದ್ದಳು. ಅವಳ ನಂತರ ಆ ಕೈಂಕರ್ಯ ಹೆಂಡತಿಯ ಕೈಗೆ ಬಂತು. ಸಂಗ್ರಹಕಾರರಿಗೆ ಬೇಕಾದದ್ದು ಬೆಳ್ಳಿಯ ಮೇಲೆ ಕಾಲ ಕೂರಿಸಿದ ಕಪ್ಪಂತೆ. ಉಜ್ಜಿದ ನಾಣ್ಯಕ್ಕೆ ಅಂಕವನ್ನೇ ಕೊಡುವುದಿಲ್ಲ, ‘ತೊಳೆದದ್ದು’ ಎಂದು ಬರೆದು ಮುಚ್ಚುತ್ತಾರೆ, ನಾಣ್ಯದ ಬೆಲೆಗಿಂತ ಫೀಯೇ ಹೆಚ್ಚಾದೀತು, ಕಳಿಸಬೇಡಿ ಎಂದ. ಕೊಳೆಗೇ ಬೆಲೆ ಕಟ್ಟುವ ಜನ ಲೋಕದಲ್ಲಿದ್ದಾರೆ ಎಂದು ತಿಳಿದು ನನ್ನ ಹಳೆಯ ಬನಿಯನ್ನುಗಳ ಬಗ್ಗೆ ಗೌರವ ಮೂಡಿತು.

ಸಂಗತಿ ಇಲ್ಲಿಗೆ ಮುಗಿಯಬೇಕಿತ್ತು. ಫೋನಿನಲ್ಲಿ ಅಣ್ಣನಿಗೆ ಎಲ್ಲ ವಿವರಿಸಿದೆ. ಆತ, “ತಮ್ಮಾ, ನಿನ್ನ ಕಡಿ ಇರೋದು ಅವ್ವನ ರೂಪಾಯಿನೇ ಅಂತ ನಾ ಹ್ಯಾಂಗ ನಂಬ್ಲಿ? ಕಂಪನಿಗಿ ಕಳಸು. ಡಬ್ಬಿ ಬಂದ್ರ ನಂಬ್ತೀನಿ” ಎಂದ. ಕಂಪನಿಯವರು ಬೆಳ್ಳಿ ಅಸಲಿ ಎಂದು ಬರೆದಾರು, ರಾಣಿ ಅಸಲಿ ಎಂದಾರು. ಇದು ನಿಮ್ಮವ್ವನದೇ, ತಮ್ಮ ಬದಲಾಯಿಸಿಲ್ಲ ಎಂದು ಬರೆದುಕೊಡುವ ಕಂಪನಿ ಯಾವ ದೇಶದಲ್ಲಿದೆ? ಒಂದೇ ತಾಟಿನಲ್ಲಿ ಉಂಡವರು ನಾವು. ಸಿಟ್ಟಿನಲ್ಲಿ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಗ್ರೇಡಿಂಗಿಗೆ ಕಳಿಸಿ ಆ ಡಬ್ಬಿಯನ್ನು ಅವನ ಮುಖಕ್ಕೆ ಹಿಡಿಯಬೇಕೆನ್ನಿಸಿತು. ಕಳಿಸಿದರೆ ಕಳ್ಳನೆಂದು ಒಪ್ಪಿಕೊಂಡು ಜಾಮೀನು ಕೊಟ್ಟಂತಾಗುತ್ತದೆ ಎಂದೂ ಅನ್ನಿಸಿತು.

ಕೊನೆಗೆ ರೂಪಾಯಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸಂಭಾಜಿನಗರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮಸೆದುಕೊಂಡೆ. ಅಲ್ಲಿ ಆಡಿದ್ದು ಇಷ್ಟೇ: “ಇದನ್ನ ನೀನೇ ಇಟ್ಕೋ ಅಣ್ಣಾ. ನೀನೇ ಕಳಸು, ಬಿಡು.” ಅಣ್ಣ ನಾಣ್ಯವನ್ನು ಅಂಗೈಯಲ್ಲಿ ಹೊರಳಿಸಿದ, ಅವ್ವ ತಿಕ್ಕಿ ಸವೆಸಿದ ರಾಣಿಯ ಮೂಗಿನ ಮೇಲೆ ಬೆರಳಾಡಿಸಿದ. ಅವನ ಮೋರೆ ಸಣ್ಣದಾಯಿತು. ಕೊಡು ಎಂದು ಯಾರೂ ಕೇಳದಿದ್ದರೂ ಒಳಗೆ ಹೋಗಿ, ತನ್ನ ಪಾಲಿಗೆ ಬಂದಿದ್ದ ಅವ್ವನ ಬೆಳ್ಳಿ ತಂಬಿಗೆ ತಂದು, ನೀನು ಒಯ್ಯಿ ಎಂದು ನನ್ನ ಕೈಗಿಟ್ಟ. ನನಗೆ ಕಣ್ಣೀರು ಬರುವುದರಲ್ಲಿತ್ತು. ಅಷ್ಟರಲ್ಲಿ ನನ್ನ ಕೈ, ನನ್ನನ್ನು ಒಂದು ಮಾತೂ ಕೇಳದೆ, ತಂಬಿಗೆಯನ್ನು ಮಗುಚಿ ಹಿಡಿದು ತಳದಲ್ಲಿ ಅವ್ವನ ಹೆಸರು ಕೊರೆದಿದೆಯೇ ಎಂದು ಹುಡುಕಿತು.

ಅಣ್ಣ ನೋಡುತ್ತಲೇ ಇದ್ದ.

“ಹೆಸರು ಅದಾ?” ಎಂದು ಕೇಳಿದ.

“ಅದಣ್ಣಾ” ಎಂದೆ.

ಆಮೇಲೆ ಇಬ್ಬರೂ ಚಹಾ ಕುಡಿದೆವು. ರೂಪಾಯಿಯನ್ನು ಗ್ರೇಡಿಂಗಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ಒಂದೇ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಗಳು ನಾವಿಬ್ಬರು ಎಂಬುದು ಡಬ್ಬಿಯಿಲ್ಲದೆಯೇ ಸಾಬೀತಾಗಿತ್ತು.