ಎರಡನೆಯ ಪಂಪಿನ ಪ್ರತಾಪ

ನಮ್ಮ ಮನೆಯ ಪುಟ್ಟ ಟ್ರ್ಯಾಕ್ಟರಿನ ಸೀಟಿನ ಮೇಲೆ ನಾನು ಕೂತಿದ್ದೆಲ್ಲ ಅದನ್ನು ಒರೆಸುವಾಗ ಮಾತ್ರ. ಉಳಿದ ಹೊತ್ತು ಅಲ್ಲಿ ವಿರಾಜಮಾನಳಾಗಿರುವವಳು ನನ್ನ ಹೆಂಡತಿ. ನಾವು ಸಸಿ ಮಾರುವ ನರ್ಸರಿ ನಡೆಸುತ್ತೇವೆ. (‘ನಾವು’ ಅನ್ನುವುದು ಮರ್ಯಾದೆಗೆ. ಬೋರ್ಡಿನಲ್ಲಿರುವುದು ಅವಳ ಹೆಸರು.) ಅವಳು ಟ್ರ್ಯಾಕ್ಟರ್ ಓಡಿಸುತ್ತಾಳೆ, ನಾನು ಸಲಿಕೆ ಹಿಡಿದು ಹಿಂದೆ ಓಡುತ್ತೇನೆ. ಗಿರಾಕಿಗಳು ಅವಳಿಗೆ ‘ಮೇಡಂ’ ಅನ್ನುತ್ತಾರೆ. ನನಗೆ, ‘ಏಯ್, ಆ ಕುಂಡ ಸ್ವಲ್ಪ ಎತ್ತಿಡಪ್ಪಾ’ ಅನ್ನುತ್ತಾರೆ. ಕಟ್ಟಿಕೊಂಡ ಗಂಡ ನಾನು ಎಂದು ಹಣೆ ಮೇಲೆ ಬರೆದುಕೊಂಡು ತಿರುಗಲೇ?

ಟ್ರ್ಯಾಕ್ಟರಿನ ಮುಂದೆ ಮಣ್ಣು ಎತ್ತುವ ಬಕೆಟ್ ಇದೆ. ಆದರೆ ಅದನ್ನು ಎತ್ತುವ ಹೈಡ್ರಾಲಿಕ್ ಪಂಪು ಮಹಾ ಸೋಮಾರಿ. ತುಂಬಿದ ಬಕೆಟ್ ಮೇಲೇಳುವಷ್ಟರಲ್ಲಿ ನಾನು ಅರ್ಧ ರಾಶಿಯನ್ನು ಸಲಿಕೆಯಲ್ಲೇ ಮುಗಿಸಿರುತ್ತಿದ್ದೆ. ಸ್ಟಿಯರಿಂಗ್ ತಿರುಗಿಸಿದರಂತೂ ಬಕೆಟ್ ಅರ್ಧದಲ್ಲೇ ನಿಂತುಬಿಡುತ್ತಿತ್ತು, ಏಕೆಂದರೆ ಎರಡಕ್ಕೂ ಅದೇ ಒಂದು ಪಂಪಿನ ಎಣ್ಣೆ. ಒಂದು ದಿನ ಸಲಿಕೆಗೆ ಒರಗಿ ನಿಂತಿದ್ದಾಗ ನನಗೆ ಜ್ಞಾನೋದಯವಾಯಿತು. ಬಕೆಟ್ಟಿಗೆಂದೇ ಇನ್ನೊಂದು ಪಂಪು ಹಾಕಿದರೆ?

“ನೀವಾ? ಹಾಕೋದಾ?” ಎಂದಳು ಹೆಂಡತಿ.

“ನಾನೇ. ಹಾಕಿ ತೋರಿಸಿದ್ರೆ ಏನು ಕೊಡ್ತೀಯ?”

“ಬಕೆಟ್ ತುಂಬಾ ಮಣ್ಣು ಸರಾಗವಾಗಿ ಎತ್ತಿದ್ರೆ ಸೀಟು ನಿಮ್ದು. ನಾನು ಸಲಿಕೆ ಹಿಡೀತೀನಿ.”

“ಅತ್ತೆ, ಕೇಳಿಸ್ಕೊಂಡ್ರಲ್ಲ?”

ಜಗಲಿಯ ಮೇಲೆ ಬೀಜ ಆರಿಸುತ್ತಿದ್ದ ಅತ್ತೆಯವರು ತಲೆಯೆತ್ತದೆ, “ಕೇಳಿಸ್ತು ಅಳಿಯಂದ್ರೆ. ಜೋಪಾನ,” ಎಂದರು. ಆ ‘ಜೋಪಾನ’ ನನಗೆ ಹೇಳಿದ್ದೋ ಟ್ರ್ಯಾಕ್ಟರಿಗೆ ಹೇಳಿದ್ದೋ, ಇವತ್ತಿಗೂ ತಿಳಿಯದು. ಹೀಗೆ ಆ ಐತಿಹಾಸಿಕ ಒಪ್ಪಂದಕ್ಕೆ ಸಾಕ್ಷಿ ಸಮೇತ ಮುದ್ರೆ ಬಿತ್ತು.

ಗುಜರಿ ಅಂಗಡಿಯಲ್ಲಿ ಒಂದು ಪಂಪು ಸಿಕ್ಕಿತು. ತುಕ್ಕು ಉಜ್ಜಿ, ಅಂದವಾಗಿ ಕಾಣಲೆಂದು ನೀಲಿ ಬಣ್ಣ ಬಳಿದೆ, ಒಂದಲ್ಲ, ಎರಡು ಕೋಟು. ಎಂಜಿನ್ನಿನ ಮುಂದೆ ಪಟ್ಟಿ ಹೊಡೆದು ಕೂರಿಸಿ, ಎಂಜಿನ್ನಿನ ಚಕ್ರದಿಂದ ಅದಕ್ಕೆ ಬೆಲ್ಟು ಕೊಟ್ಟೆ. ಎಣ್ಣೆಗೆ ಟ್ಯಾಂಕ್ ಬೇಕಲ್ಲ? ಗಟ್ಟಿ ಮುಚ್ಚಳದ, ಸೋರದ ಪಾತ್ರೆ ಮನೆಯಲ್ಲಿ ಇದ್ದದ್ದು ಒಂದೇ, ಅಡುಗೆಮನೆಯ ಹಿಟ್ಟಿನ ಡಬ್ಬ.

“ರೀ, ಹಿಟ್ಟು ಯಾಕ್ರೀ ಬಟ್ಟೆ ಒಗೆಯೋ ಬಕೆಟ್ನಲ್ಲಿದೆ?”

“ತಾತ್ಕಾಲಿಕ ಕಣೇ.”

“ಡಬ್ಬ ಎಲ್ಲಿ?”

“ಅದೂ ತಾತ್ಕಾಲಿಕ.”

ಅವಳು ಹೊರಗೆ ಬಂದು ಡಬ್ಬದ ಹೊಟ್ಟೆಗೆ ನಾನು ಕೊರೆದಿದ್ದ ತೂತುಗಳನ್ನು ನೋಡಿದಳು. ಬೈಯಲಿಲ್ಲ. ಅವಳು ಬೈದರೆ ನನಗೆ ನೆಮ್ಮದಿ. ಬೈಯದಿದ್ದರೆ ಮುಂದೆ ಏನೋ ಕಾದಿದೆ ಎಂದೇ ಅರ್ಥ. ಆಮೇಲೆ ಪಂಪಿನ ಕಡೆ ತಿರುಗಿ, “ಇದು ಯಾವ ಕಡೆಗೆ ತಿರುಗ್ಬೇಕು ಅಂತ ನೋಡಿದ್ರಾ?” ಎಂದಳು.

“ತಿರುಗೋದು ತಾನೇ? ತಿರುಗುತ್ತೆ ಬಿಡು!”

ತಿರುಗಿತು. ಅದರಲ್ಲಿ ಎರಡು ಮಾತಿಲ್ಲ. ಎಂಜಿನ್ ಚಾಲೂ ಮಾಡಿ ನಾನು ಗತ್ತಿನಿಂದ ಕೈಕಟ್ಟಿ ನಿಂತೆ. ಪಂಪು ಒಮ್ಮೆ ಗೊರಗುಟ್ಟಿತು, ಬಿಕ್ಕಿತು, ಆಮೇಲೆ ಅದರ ಕತ್ತಿನಲ್ಲಿದ್ದ ರಬ್ಬರ್ ಸೀಲು ಕಿತ್ತುಕೊಂಡು ಹಾರಿ ಎಣ್ಣೆ ಚಿಲ್ಲೆಂದು ಚಿಮ್ಮಿತು. ಹಿಂದೆಯೇ ಇತ್ತಲ್ಲ ಎಂಜಿನ್ನಿನ ಫ್ಯಾನು! ಅದು ಭೇದಭಾವವಿಲ್ಲದೆ ಎಲ್ಲರಿಗೂ ಹಂಚಿತು. ತಂತಿಯ ಮೇಲೆ ಒಣಗುತ್ತಿದ್ದ ಹೊದಿಕೆಗಳಿಗೆ, ಗುಲಾಬಿ ಸಸಿಗಳಿಗೆ, ಅತ್ತೆಯವರ ಕನ್ನಡಕಕ್ಕೆ. ನನಗೆ ತಲೆಯಿಂದ ಕಾಲಿನವರೆಗೆ ಅಭ್ಯಂಜನವಾಯಿತು.

ಅತ್ತೆಯವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, “ಏನೇ, ಮೋಡ ಆಯ್ತಾ?” ಎಂದರು.

ಹೆಂಡತಿ ಒಂದು ಚಾಕು ತಂದು ಪಂಪಿನ ಮೈಮೇಲಿನ ನನ್ನ ನೀಲಿ ಬಣ್ಣವನ್ನು ನಿಧಾನವಾಗಿ ಕೆರೆದಳು. ಅಡಿಯಲ್ಲಿ ಒಂದು ಬಾಣದ ಗುರುತು ಕಾಣಿಸಿತು. ತಿರುಗಬೇಕಾದ ದಿಕ್ಕು ಎಡಕ್ಕೆ. ನಾನು ತಿರುಗಿಸಿದ್ದು ಬಲಕ್ಕೆ.

“ಬಣ್ಣ ಚೆನ್ನಾಗಿದೆ,” ಎಂದಳು.

ಥೂ, ನನ್ನ ಜನ್ಮಕ್ಕಿಷ್ಟು! ಭೂಮಿ ಬಾಯಿಬಿಡಬಾರದೇ ಅನಿಸಿತು. ಆದರೆ ಸೀಟಿನ ಆಸೆ ಕೆಟ್ಟದ್ದು ನೋಡಿ. ಹೊಸ ಸೀಲು ತಂದು, ಪಂಪನ್ನು ಹಿಂದುಮುಂದಾಗಿ ಕೂರಿಸಿ, ಬಾಣಕ್ಕೆ ಮನಸ್ಸಿನಲ್ಲೇ ಕೈಮುಗಿದು ಮತ್ತೆ ಎಂಜಿನ್ ಚಾಲೂ ಮಾಡಿದೆ. ಖಾಲಿ ಬಕೆಟ್ ಸರ್ರನೆ ಮೇಲೆದ್ದಿತು! ನನ್ನ ಕಣ್ಣಲ್ಲಿ ನೀರು ಬಂತು, ದೇವರಾಣೆ. ಜಗಲಿಯಿಂದ ಅತ್ತೆಯವರೇ “ಪರವಾಗಿಲ್ವೇ!” ಅಂದುಬಿಟ್ಟರು. “ಈಗ ಮಣ್ಣು ತುಂಬಿ ಎತ್ತಿ,” ಎಂದು ಹೆಂಡತಿ ಸೀಟು ತೋರಿಸಿದಳು. ಹತ್ತಿ ಕೂತೆ. ಆಹಾ, ಅಲ್ಲಿಂದ ನರ್ಸರಿ ಪೂರ್ತಿ ಕಾಣುತ್ತದೆ, ನಿಮಗೆ ಗೊತ್ತೇ? ನನಗೆ ಗೊತ್ತಿರಲಿಲ್ಲ.

ಗೊಬ್ಬರ ಬೆರೆಸಿದ ಹಸಿ ಮಣ್ಣಿನ ರಾಶಿಗೆ ಬಕೆಟ್ ನುಗ್ಗಿಸಿ, ತುಂಬಿಕೊಂಡು ಹಿಂದೆ ಬಂದು, ಲಿವರ್ ಎಳೆದೆ. ಹೊಸ ಪಂಪು ಎತ್ತಿತು. ಎಷ್ಟು ಜೋರಾಗಿ ಎತ್ತಿತೆಂದರೆ, ಬಕೆಟ್ಟಿನ ಜೊತೆಗೆ ನಾನೂ ಮೇಲೆದ್ದೆ. ತಿರುಗಿ ನೋಡುತ್ತೇನೆ, ಟ್ರ್ಯಾಕ್ಟರಿನ ಹಿಂದಿನ ಚಕ್ರಗಳು ನೆಲ ಬಿಟ್ಟಿವೆ! ಮುಂದಿನ ಪುಟಾಣಿ ಚಕ್ರಗಳ ಮೇಲೆ ಇಡೀ ಗಾಡಿ ಇಳಿಜಾರಿನ ಕಡೆಗೆ ಮೆಲ್ಲಗೆ ಉರುಳತೊಡಗಿತು. ಬ್ರೇಕ್ ತುಳಿದೆ. ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಅವು ಗಾಳಿಯಲ್ಲಿ ವಿಧೇಯವಾಗಿ ನಿಂತವು. ಗಾಡಿ ನಿಲ್ಲಲಿಲ್ಲ.

“ಅಯ್ಯೋ, ಸತ್ತೆ ಕಣೇ!”

“ಬಕೆಟ್ ಇಳಿಸ್ರೀ! ಸಾಯೋದು ಆಮೇಲೆ!”

ಇಳಿಸಿದೆ. ಹಿಂಭಾಗ ಧಡ್ ಎಂದು ನೆಲಕ್ಕೆ ಬಿತ್ತು, ನನ್ನ ಹಲ್ಲುಗಳೆಲ್ಲ ಒಂದಕ್ಕೊಂದು ಪರಿಚಯ ಮಾಡಿಕೊಂಡವು. ನೆಲಕ್ಕಿಳಿದವನೇ ಮೊದಲು ಹೇಳಿದ ಮಾತು, “ಎತ್ತಿತು ತಾನೇ?”

“ಎತ್ತಿತು,” ಎಂದಳು ಅವಳು. “ನಾನು ಮಾತಿಗೆ ತಪ್ಪೋಳಲ್ಲ. ಸೀಟು ನಿಮ್ದೇ. ಆದ್ರೆ ಹಿಂದೆ ಭಾರ ಬೇಕು.”

ಟ್ರ್ಯಾಕ್ಟರಿನ ಹಿಂದೆ ನೇಗಿಲು ಕಟ್ಟುವ ತೋಳುಗಳಿಗೆ ಒಂದು ಕಬ್ಬಿಣದ ಪೆಟ್ಟಿಗೆ ಬಿಗಿದೆವು. ಕಲ್ಲು ತುಂಬೋಣ ಎಂದೆ. “ಬೇಡ,” ಎಂದಳು. “ಪೆಟ್ಟಿಗೆ ಬಿಚ್ಚೋವಾಗೆಲ್ಲ ಕಲ್ಲು ಇಳಿಸೋರ್ಯಾರು, ಮತ್ತೆ ತುಂಬೋರ್ಯಾರು? ನಾನೇ ಕೂರ್ತೀನಿ, ನೀವು ಓಡಿಸಿ.” ಇಂಥ ಹೆಂಡತಿಯನ್ನು ಪಡೆದ ನಾನೇ ಧನ್ಯ ಅನಿಸಿತು. ಅವಳು ಪೆಟ್ಟಿಗೆಯಲ್ಲಿ ಕೂತಳು, ನಾನು ಲಿವರ್ ಎಳೆದೆ. ಅವಳೂ ಮೇಲಕ್ಕೆದ್ದಳು.

“ಇಳಿಸ್ರೀ, ಇಳಿಸಿ! ನನ್ನ ಭಾರ ಸಾಲಲ್ಲ.”

ಕೆಳಗಿಳಿದು ಸೆರಗು ಕೊಡವಿಕೊಂಡು ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಜಗಲಿಯಿಂದ ಅತ್ತೆಯವರೂ ನೋಡಿದರು. ಅಷ್ಟರಲ್ಲೇ ನನಗೆ ಎಲ್ಲ ಅರ್ಥವಾಗಿಹೋಯಿತು.

“ಒಂದೇ ಒಂದು ಸಲ, ನೋಡೋಕೆ,” ಎಂದಳು.

ನಾನು ಪೆಟ್ಟಿಗೆಯಲ್ಲಿ ಕೂತೆ. ಅವಳು ಸೀಟಿಗೆ ಹತ್ತಿ ಲಿವರ್ ಎಳೆದಳು. ಬಕೆಟ್ ಹೂವಿನಂತೆ ಮೇಲೆದ್ದಿತು. ಹಿಂದಿನ ಚಕ್ರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. “ಆಹಾ, ಎಂಥ ಪಂಪು ಹಾಕಿದೀರ್ರೀ!” ಎಂದಳು. ಮದುವೆಯಾದ ಮೇಲೆ ಅವಳು ನನ್ನನ್ನು ಮನಸಾರೆ ಹೊಗಳಿದ್ದು ಅದೇ ಮೊದಲು. ಹಿಂದೆ ಕೂತಿದ್ದ ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಈಗ ದಿನವೂ ಇದೇ ಮೆರವಣಿಗೆ. ಅವಳು ಮಣ್ಣು ಎತ್ತಿ ಕುಂಡಗಳ ಹತ್ತಿರ ಸುರಿಯುತ್ತಾಳೆ, ನಾನು ಪೆಟ್ಟಿಗೆಯಿಂದ ಇಳಿದು ಸಲಿಕೆಯಲ್ಲಿ ಕುಂಡ ತುಂಬಿ ಮತ್ತೆ ಪೆಟ್ಟಿಗೆ ಹತ್ತುತ್ತೇನೆ. ಕಲ್ಲಿಗೆ ಇಷ್ಟೆಲ್ಲ ಕೆಲಸ ಬರುತ್ತದೆಯೇ ಎನ್ನುವುದು ಅವಳ ವಾದ. ಮೊನ್ನೆ ಬೇಲಿಯಾಚೆಯ ಪೋಸ್ಟ್‌ಮಾಸ್ಟರು ಕತ್ತು ಚಾಚಿ, “ಮೇಡಂ, ಹೊಸ ಪಂಪಿಗೆ ಹಿಂದೆ ಭಾರಕ್ಕೆ ಏನು ಹಾಕಿಸಿದೀರಿ?” ಎಂದು ಕೇಳಿದರು. “ನಮ್ಮ ಯಜಮಾನ್ರು,” ಎಂದಳು, ತಿರುಗಿಯೂ ನೋಡದೆ.

ನಿನ್ನೆ ಊಟಕ್ಕೆ ಕೂತಾಗ ಅವಳು ಕೇಳದೆಯೇ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು, ಅದರ ಮೇಲೆ ಮತ್ತೊಂದು. ನನಗೆ ಎದೆ ತುಂಬಿ ಬಂತು. “ಏನೇ ಇವತ್ತು, ಇಷ್ಟೊಂದು ಪ್ರೀತಿ?” ಎಂದೆ.

“ಸುಮ್ನೆ ತಿನ್ನಿ,” ಎಂದಳು. “ನಾಳೆ ದೊಡ್ಡ ಬಕೆಟ್ ಬರುತ್ತೆ.”